ಮಾತು ಬಾರದ ಮಗುವಿನ ನೋವು

ದೊಡ್ಡವರು ಹಾಸಿಗೆ ಹಿಡಿದರೆ ನೋವು ಎಲ್ಲಿದೆ, ಎಂದಿನಿಂದ ಇದೆ, ಚುಚ್ಚುತ್ತದೆಯೋ ಹಿಂಡುತ್ತದೆಯೋ ಎಂಬುದನ್ನು ವೈದ್ಯರಿಗೆ ತಿಳಿಸಬಲ್ಲರು. ಹಸುಗೂಸಿಗೆ ಇರುವುದು ಅಳು ಎಂಬ ಒಂದೇ ಭಾಷೆ. ಹಸಿವಾದರೂ ಅಳು, ನಿದ್ರೆ ಬಂದರೂ ಅಳು, ಕಿವಿಯೊಳಗೆ ಕೀವು ತುಂಬಿ ಸಿಡಿಯುತ್ತಿದ್ದರೂ ಅಳುವೇ. ಈ ಕಾರಣದಿಂದ ಮಕ್ಕಳ ನೋವು ಬಹು ಸುಲಭವಾಗಿ ಅಲಕ್ಷ್ಯಕ್ಕೆ ಒಳಗಾಗುತ್ತದೆ. ‘ಮಕ್ಕಳು ಅಳುವುದು ಸಹಜ’, ‘ಹಲ್ಲು ಮೂಡುತ್ತಿರಬೇಕು’, ‘ಯಾರದೋ ದೃಷ್ಟಿ ತಾಗಿದೆ’ ಎಂದು ಸಮಾಧಾನ ಹೇಳಿಕೊಂಡು, ಎರಡು ದಿನ ಕಳೆದ ಮೇಲೆ ಚಿಕಿತ್ಸಾಲಯಕ್ಕೆ ಬರುವವರನ್ನು ನಾವು ವೃತ್ತಿಯುದ್ದಕ್ಕೂ ಕಂಡಿದ್ದೇವೆ. ಹಲ್ಲು ಮೂಡುವಾಗ ವಸಡು ನೋಯಬಹುದು, ಜೊಲ್ಲು ಸುರಿಯಬಹುದು. ಅದರಿಂದ ತೀವ್ರ ಜ್ವರ ಬರುವುದಿಲ್ಲ. ರೋಗಕ್ಕೆ ಔಷಧ ಕೊಡುವಷ್ಟೇ ಮುತುವರ್ಜಿಯಿಂದ ನೋವನ್ನೂ ಶಮನಗೊಳಿಸಬೇಕು. ಆ ಕಾರ್ಯದ ಬಹುಪಾಲು ಮಗುವಿನ ಹಾಸಿಗೆಯ ಬಳಿ ಕುಳಿತವರ ಕೈಯಲ್ಲಿದೆ.

ಕೂಸಿನ ನೋವನ್ನು ಕಡೆಗಣಿಸಿದವರು ಮನೆಯವರು ಮಾತ್ರವಲ್ಲ. ನವಜಾತ ಶಿಶುವಿನ ನರಮಂಡಲ ಇನ್ನೂ ಬಲಿತಿಲ್ಲ, ಅದಕ್ಕೆ ನೋವಿನ ಅರಿವಿಲ್ಲ ಎಂಬ ನಂಬಿಕೆಯಿಂದ 1980ರ ದಶಕದವರೆಗೂ ಪಾಶ್ಚಾತ್ಯ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ಅನೇಕ ಎಳೆಗೂಸುಗಳಿಗೆ ಸಾಕಷ್ಟು ನೋವುನಿವಾರಕವಿಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡ್‌ಗೆ ತೆರಳಿದ ಡಾ. ಕನ್ವಲ್‌ಜೀತ್ ಸಿಂಗ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನವು ಈ ನಂಬಿಕೆಯನ್ನು ಅಲುಗಾಡಿಸಿತು. ಶಸ್ತ್ರಚಿಕಿತ್ಸೆಯ ವೇಳೆ ಪ್ರಬಲ ನೋವುನಿವಾರಕ ಪಡೆದ ಅವಧಿಪೂರ್ವ ಶಿಶುಗಳ ದೇಹದ ಮೇಲೆ ಒತ್ತಡ ಕಡಿಮೆಯಿತ್ತು, ಅನಂತರದ ತೊಡಕುಗಳೂ ಕಡಿಮೆಯಾಗಿದ್ದವು. ನೋವನ್ನು ತಗ್ಗಿಸುವುದು ಕರುಣೆಯ ಮಾತಷ್ಟೇ ಅಲ್ಲ, ಮಗು ಚೇತರಿಸಿಕೊಳ್ಳುವ ಮಾರ್ಗವೂ ಹೌದೆಂಬುದು ಅಂದು ಸ್ಪಷ್ಟವಾಯಿತು.

ನೋವನ್ನು ಗುರುತಿಸುವ ಬಗೆ

ಮಾತು ಬಾರದ ಮಗುವಿನ ನೋವನ್ನು ಅರಿಯುವ ಪ್ರಯತ್ನ ನಮ್ಮ ದೇಶದಲ್ಲಿ ಬಹಳ ಹಳೆಯದು. ನೇಪಾಳದಲ್ಲಿ ದೊರೆತ ತಾಳೆಗರಿಯ ಪ್ರತಿಯಿಂದ 1938ರಲ್ಲಿ ಅಚ್ಚಾದ ಕಾಶ್ಯಪ ಸಂಹಿತೆಯು ಮಕ್ಕಳ ವೈದ್ಯಕ್ಕೇ ಮೀಸಲಾದ ಗ್ರಂಥ. ಅದರ ವೇದನಾಧ್ಯಾಯದಲ್ಲಿ ಮಗುವಿನ ಚರ್ಯೆಯಿಂದ ನೋವಿನ ನೆಲೆಯನ್ನು ತಿಳಿಯುವ ಕ್ರಮವಿದೆ. ಕಿವಿನೋವಿನ ಮಗು ಕೈಗಳಿಂದ ಕಿವಿ ಮುಟ್ಟಿಕೊಳ್ಳುತ್ತದೆ, ತಲೆಯನ್ನು ಆಡಿಸುತ್ತದೆ, ನಿದ್ರಿಸುವುದಿಲ್ಲ. ತಲೆನೋವಿದ್ದರೆ ಕಣ್ಣು ಮುಚ್ಚಿ ನರಳುತ್ತದೆ. ಹೊಟ್ಟೆನೋವಿದ್ದರೆ ಮೊಲೆಯನ್ನು ತೊರೆದು ಅಳುತ್ತದೆ, ಹೊಟ್ಟೆ ಬಿಗಿಯುತ್ತದೆ, ಮುಖದಲ್ಲಿ ಬೆವರೊಡೆಯುತ್ತದೆ. ಮೂತ್ರ ಮಾಡುವಾಗ ಉರಿಯಿದ್ದರೆ ತುಟಿ ಕಚ್ಚಿ ಕಿಬ್ಬೊಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಮಗು ನೋಯುವ ಭಾಗವನ್ನು ತಾನೇ ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತದೆ, ಬೇರೆಯವರು ಮುಟ್ಟಿದರೆ ಅಳುತ್ತದೆ ಎಂದು ಸುಶ್ರುತನೂ ಹೇಳಿದ್ದಾನೆ.

ಇಂದಿನ ಆಸ್ಪತ್ರೆಗಳಲ್ಲಿ ದಾದಿಯರು ಬಳಸುವ ಒಂದು ಅಳತೆ ಇದೇ ದಾರಿಯದು. ಮುಖ, ಕಾಲು, ದೇಹದ ಚಲನೆ, ಅಳು, ಸಂತೈಸಿದಾಗ ಸಮಾಧಾನವಾಗುವ ಬಗೆ ಎಂಬ ಐದು ಅಂಶಗಳಿಗೆ ತಲಾ 0ಯಿಂದ 2ರವರೆಗೆ ಅಂಕ ಕೊಡುತ್ತಾರೆ, ಒಟ್ಟು 10. ಮೂರು ವರ್ಷ ದಾಟಿದ ಮಕ್ಕಳಿಗೆ ನಗುಮುಖದಿಂದ ಅಳುಮುಖದವರೆಗೆ ಆರು ಚಿತ್ರಗಳನ್ನು ತೋರಿಸಿ, ‘ನಿನ್ನ ನೋವು ಯಾವುದರಂತಿದೆ?’ ಎಂದು ಕೇಳುತ್ತಾರೆ. ಇದನ್ನು ಮನೆಯಲ್ಲಿಯೂ ಮಾಡಬಹುದು. ಔಷಧ ಕೊಡುವ ಮೊದಲು ಮತ್ತು ಕೊಟ್ಟು ಒಂದು ಗಂಟೆಯ ನಂತರ ಇದೇ ಐದು ಅಂಶಗಳನ್ನು ಗಮನಿಸಿ ಬರೆದಿಟ್ಟರೆ ವೈದ್ಯರಿಗೆ ಬಹಳ ಉಪಕಾರವಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಬಹುಕಾಲ ನೋವುಂಡ ಮಗು ಅಳುವುದನ್ನೇ ಬಿಟ್ಟುಬಿಡಬಹುದು. ಅಲುಗಾಡದೆ ಮಲಗಿರುತ್ತದೆ, ಆಟಿಕೆಯನ್ನು ಮುಟ್ಟುವುದಿಲ್ಲ, ತಾಯಿಯ ಮುಖವನ್ನೂ ನೋಡುವುದಿಲ್ಲ. ‘ಮಗು ಈಗ ಶಾಂತವಾಗಿದೆ’ ಎಂದು ಮನೆಯವರು ನೆಮ್ಮದಿಪಡುವುದು ಅನೇಕ ಸಲ ಈ ಹಂತದಲ್ಲಿಯೇ.

ಆರೈಕೆ ಮಾಡುವವರ ನಾಲ್ಕು ಗುಣಗಳು

ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂಬ ನಾಲ್ಕು ಪಾದಗಳೆಂದು ಚರಕ ಸಂಹಿತೆ ಹೇಳುತ್ತದೆ. ಉಪಚಾರಕನಿಗೆ ಶುಚಿತ್ವ, ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ ಎಂಬ ನಾಲ್ಕು ಗುಣಗಳಿರಬೇಕು. ಮಗುವಿನ ಆರೈಕೆಗೆ ಈ ನಾಲ್ಕೂ ಇಂದಿಗೂ ದಾರಿದೀಪ.

ಶುಚಿತ್ವ ಎಂದರೆ ಮೊದಲು ಕೈ. ಮಗುವನ್ನು ಎತ್ತಿಕೊಳ್ಳುವ, ಉಣಿಸುವ, ಔಷಧ ಕುಡಿಸುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ನೋಡಲು ಬಂದ ಬಂಧುಗಳೆಲ್ಲ ಮಗುವನ್ನು ಎತ್ತಿ ಮುದ್ದಿಸುವುದು ಬೇಡ.

ತಿಳಿವಳಿಕೆ ಎಂದರೆ ಏನನ್ನು, ಎಷ್ಟು, ಯಾವಾಗ ಕೊಡಬೇಕೆಂಬ ಅರಿವು. ಎದೆಹಾಲನ್ನು ಯಾವ ಕಾಯಿಲೆಯಲ್ಲಿಯೂ ತಾವಾಗಿ ನಿಲ್ಲಿಸಬಾರದು. ದೊಡ್ಡ ಮಕ್ಕಳಿಗೆ ಗಂಜಿ, ತೆಳು ತೊವ್ವೆ, ಮೆತ್ತನೆಯ ಅನ್ನವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಭೇದಿಯಾದರೆ ಓಆರ್‌ಎಸ್ ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿನಲ್ಲಿಯೇ ಕರಗಿಸಬೇಕು. ಜ್ವರಕ್ಕೆ ಮೈ ಒರೆಸುವುದಾದರೆ ಉಗುರುಬೆಚ್ಚಗಿನ ನೀರು ಸಾಕು. ಮಂಜುಗಡ್ಡೆಯ ನೀರು ನಡುಕ ತರಿಸುತ್ತದೆ.

ದಕ್ಷತೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಔಷಧದ ಅಳತೆಯಲ್ಲಿ. ಮಕ್ಕಳ ಸಾಮಾನ್ಯ ನೋವಿಗೂ ಜ್ವರಕ್ಕೂ ವೈದ್ಯರು ಬರೆಯುವ ಪ್ಯಾರಾಸಿಟಮಾಲ್‌ನ ಪ್ರಮಾಣ ಮಗುವಿನ ತೂಕವನ್ನು ಅವಲಂಬಿಸಿದೆ: ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. 10 ಕಿಲೋ ತೂಕದ ಮಗುವಿಗೆ 100ರಿಂದ 150 ಮಿಲಿಗ್ರಾಂ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪಾದರೆ 4ರಿಂದ 6 ಮಿಲಿಲೀಟರ್. 250 ಮಿಲಿಗ್ರಾಂ ಇರುವುದಾದರೆ ಅದರ ಅರ್ಧ. ಎಳೆಗೂಸುಗಳಿಗೆಂದು ಮಾರುವ ಹನಿ ಔಷಧದಲ್ಲಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಅದನ್ನು ಸಿರಪ್ಪೆಂದು ಭಾವಿಸಿ 5 ಮಿಲಿಲೀಟರ್ ಕುಡಿಸಿದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಗುತ್ತದೆ. ಆದುದರಿಂದ ಸೀಸೆಯ ಮೇಲಿನ ಬರಹವನ್ನು ಓದಿ, ಅದರೊಡನೆ ಬಂದ ಅಳತೆಯ ಮುಚ್ಚಳದಲ್ಲಿಯೇ ಅಳೆಯಬೇಕು. ಅಡುಗೆಮನೆಯ ಚಮಚ ಬೇಡ. ಎರಡು ಸಲದ ನಡುವೆ 4ರಿಂದ 6 ಗಂಟೆಗಳ ಅಂತರವಿರಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ಮೀರಿದರೆ ಯಕೃತ್ತಿಗೆ ಹಾನಿ. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹೊತ್ತು ಗೊತ್ತುಮಾಡಿ ನೋವಿನ ಔಷಧ ಬರೆದಿದ್ದರೆ, ಮಗು ಅಳಲೆಂದು ಕಾಯದೆ ಆ ಹೊತ್ತಿಗೇ ಕೊಡಬೇಕು. ಏರಿದ ನೋವನ್ನು ಇಳಿಸುವುದಕ್ಕಿಂತ ಏರದಂತೆ ತಡೆಯುವುದು ಸುಲಭ.

ಅನುರಾಗವೂ ಔಷಧವೇ. ಚುಚ್ಚುಮದ್ದಿನ ವೇಳೆ ಕೂಸನ್ನು ಮಡಿಲಲ್ಲಿ ಹಿಡಿದುಕೊಂಡು ಎದೆಹಾಲು ಕುಡಿಸಿದರೆ ನೋವು ಕಡಿಮೆಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಸಲಹೆ ನೀಡಿದೆ. ತಾಯಿಯ ಬರಿಯೆದೆಗೆ ಒರಗಿದ ಎಳೆಗೂಸು ಸೂಜಿಯ ನೋವನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ. ತಿಳಿವಳಿಕೆ ಬಂದ ಮಕ್ಕಳಿಗೆ ‘ಸ್ವಲ್ಪವೂ ನೋಯುವುದಿಲ್ಲ’ ಎಂದು ಸುಳ್ಳು ಹೇಳಬಾರದು. ‘ಇರುವೆ ಕಡಿದಂತೆ ಸ್ವಲ್ಪ ನೋಯುತ್ತದೆ, ನಾನು ಜೊತೆಗೇ ಇರುತ್ತೇನೆ’ ಎನ್ನಬೇಕು. ಒಮ್ಮೆ ಮೋಸಹೋದ ಮಗು ಮರುಸಲ ಯಾರನ್ನೂ ನಂಬುವುದಿಲ್ಲ. ‘ಹಟ ಮಾಡಿದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ’ ಎಂಬ ಬೆದರಿಕೆಯೂ ಸಲ್ಲದು. ಕಥೆ, ಹಾಡು, ಊದಿ ಹಾರಿಸುವ ಸಾಬೂನಿನ ಗುಳ್ಳೆಗಳು ಮಗುವಿನ ಮನಸ್ಸನ್ನು ನೋವಿನಿಂದ ಬೇರೆಡೆಗೆ ಒಯ್ಯುತ್ತವೆ.

ಮಾಡಬಾರದವು

ನಮ್ಮ ನಾಡಿನ ಕೆಲವು ಹಳ್ಳಿಗಳಲ್ಲಿ ಜ್ವರಕ್ಕೆ, ಹೊಟ್ಟೆ ಉಬ್ಬರಕ್ಕೆ ಕೂಸಿನ ಮೈಮೇಲೆ ಬರೆ ಎಳೆಯುವ ಪದ್ಧತಿ ಇನ್ನೂ ಅಳಿದಿಲ್ಲ. ಇದು ಚಿಕಿತ್ಸೆಯಲ್ಲ. ಮೊದಲೇ ನೊಂದ ಮಗುವಿಗೆ ಸುಟ್ಟ ನೋವನ್ನು ಸೇರಿಸಿ, ಗಾಯದ ಮೂಲಕ ಸೋಂಕಿಗೆ ಬಾಗಿಲು ತೆರೆಯುವ ಕೃತ್ಯ. ಹಿರಿಯರು ಹೇಳಿದರೂ ವಿನಯದಿಂದ, ಆದರೆ ದೃಢವಾಗಿ ತಡೆಯಬೇಕು.

ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ರೋಗಾಣುವಿನಿಂದ ಸ್ನಾಯುಗಳು ಸೋತು ಉಸಿರಾಟಕ್ಕೇ ಅಪಾಯವಾಗಬಹುದು. ಕರ್ಪೂರವನ್ನು ಕೂಸಿನ ಮೂಗಿನ ಬಳಿ ಹಚ್ಚಬಾರದು. ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಸೋರುವ ಕಿವಿಗೆ ಎಣ್ಣೆ ಹಾಕಬಾರದು. ಜ್ವರದ ಮಗುವಿಗೆ ಆಸ್ಪಿರಿನ್ ಕೊಡಬಾರದು. ಡೆಂಗಿಯ ಶಂಕೆಯಿದ್ದರೆ ಐಬುಪ್ರೊಫೆನ್ ಸಹ ಬೇಡ, ರಕ್ತಸ್ರಾವದ ಭಯವಿದೆ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2011ರಲ್ಲಿಯೇ ನಿಷೇಧಿಸಿದೆ. ನಾವು ಆಯುರ್ವೇದ ವೈದ್ಯರಾಗಿಯೇ ಇನ್ನೊಂದು ಮಾತು ಹೇಳಬೇಕು: ಭಸ್ಮ ಮತ್ತು ರಸೌಷಧಗಳನ್ನು ‘ಇದೆಲ್ಲ ನಾಟಿ ಔಷಧ, ಏನೂ ಆಗುವುದಿಲ್ಲ’ ಎಂದು ಮಕ್ಕಳಿಗೆ ತಾವಾಗಿ ಕೊಡಬಾರದು.

ತಡಮಾಡದೆ ಆಸ್ಪತ್ರೆಗೆ

ಮಗು ಹಾಲನ್ನಾಗಲಿ ನೀರನ್ನಾಗಲಿ ಕುಡಿಯದಿದ್ದರೆ, ಕುಡಿದದ್ದನ್ನೆಲ್ಲ ಕಾರಿಕೊಂಡರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ, ಎರಡು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಅರೆಗಳಿಗೆಯೂ ಕಾಯಬಾರದು. ಹಸಿರು ಬಣ್ಣದ ವಾಂತಿ, ಬಿಗಿದ ಹೊಟ್ಟೆ, ವಾಂತಿಯೊಡನೆ ತಲೆನೋವು ಮತ್ತು ಕತ್ತಿನ ಬಿಗಿತ, ಗಂಡುಮಕ್ಕಳ ವೃಷಣದಲ್ಲಿ ಹಠಾತ್ ನೋವು ಇವು ಕೆಲವೇ ಗಂಟೆಗಳಲ್ಲಿ ಕೈಮೀರಬಹುದಾದವು. ಇಂತಹ ಸಂದರ್ಭದಲ್ಲಿ ಮನೆಮದ್ದೂ ಬೇಡ, ನಮ್ಮ ಕಷಾಯವೂ ಬೇಡ.

ದೀರ್ಘಕಾಲ ನರಳುವ ಮಕ್ಕಳು

ಕ್ಯಾನ್ಸರ್‌ನಂತಹ ದೀರ್ಘ ರೋಗದಿಂದ ಬಳಲುವ ಮಕ್ಕಳ ತೀವ್ರ ನೋವಿಗೆ ಪ್ಯಾರಾಸಿಟಮಾಲ್ ಸಾಲದು. ವೈದ್ಯರು ಮಾರ್ಫಿನ್ ಬರೆದಾಗ ‘ಮಗು ಚಟಕ್ಕೆ ಬೀಳುತ್ತದೆ’, ‘ಕೊನೆಗಾಲಕ್ಕಲ್ಲವೇ ಇದನ್ನು ಕೊಡುವುದು’ ಎಂದು ತಂದೆತಾಯಿಗಳು ಕಂಗಾಲಾಗುತ್ತಾರೆ. ಮಾರ್ಫಿನ್ ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ತಜ್ಞರ ನಿಗಾದಲ್ಲಿ, ತಕ್ಕ ಅಳತೆಯಲ್ಲಿ ಕೊಟ್ಟರೆ ಮಗು ನಿದ್ರಿಸುತ್ತದೆ, ಎರಡು ತುತ್ತು ಉಣ್ಣುತ್ತದೆ, ಮತ್ತೆ ಆಟಿಕೆಯನ್ನು ಕೈಗೆತ್ತಿಕೊಳ್ಳುತ್ತದೆ. 2014ರ ಕಾಯಿದೆ ತಿದ್ದುಪಡಿಯ ನಂತರ ಆಸ್ಪತ್ರೆಗಳು ಅದನ್ನು ತರಿಸಿಕೊಳ್ಳುವ ನಿಯಮಗಳೂ ಸರಳವಾಗಿವೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಕಡೆಗಳಲ್ಲಿ ನೋವು ಶಮನಕ್ಕೆಂದೇ ವಿಭಾಗವಿದೆ. ರೋಗ ವಾಸಿಯಾಗುವುದು ನಮ್ಮ ಕೈಯಲ್ಲಿಲ್ಲದಿದ್ದರೂ ನೋವನ್ನು ತಗ್ಗಿಸುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಕೊನೆಯದಾಗಿ ಆರೈಕೆ ಮಾಡುವವರ ಬಗ್ಗೆ. ಹಲವು ರಾತ್ರಿ ನಿದ್ದೆಗೆಟ್ಟ ತಾಯಿಯ ಕೈ ಔಷಧದ ಅಳತೆಯಲ್ಲಿ ತಪ್ಪಬಹುದು, ಮನಸ್ಸು ಸಿಡುಕಬಹುದು. ಶುಶ್ರೂಷೆ ಒಬ್ಬಳದೇ ಹೊರೆಯಾಗದೆ ಇಡೀ ಮನೆಯ ಕಾಯಕವಾಗಲಿ. ತಂದೆ, ಅಜ್ಜಿ, ಚಿಕ್ಕಪ್ಪ ಸರದಿಯಂತೆ ಕುಳಿತುಕೊಳ್ಳಲಿ; ಯಾವ ಔಷಧವನ್ನು ಯಾವ ಹೊತ್ತಿಗೆ ಕೊಟ್ಟೆವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಮುಂದಿನವರಿಗೆ ಒಪ್ಪಿಸಲಿ. ಕಾಯಿಲೆಯ ಮಗುವಿರುವ ಮನೆಗೆ ಹೋಗುವ ನೆರೆಯವರು ಸಲಹೆಗಳ ಬದಲು ಒಂದು ಹೊತ್ತಿನ ರೊಟ್ಟಿ-ಪಲ್ಯ ಮಾಡಿಕೊಂಡು ಒಯ್ದರೆ, ಆ ತಾಯಿಗೆ ಒಂದು ಗಂಟೆಯಾದರೂ ನಿದ್ರೆ ದೊರೆಯುತ್ತದೆ.