ಕಂಪ್ಯೂಟರ್ ಬೆಳಿಗ್ಗೆ ಚುರುಕು, ಮಧ್ಯಾಹ್ನ ಮಂಕು: ಏಕೆ?

ಮಕ್ಕಳೇ, ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಕಂಪ್ಯೂಟರ್ ಇದ್ದರೆ ಈ ಮಾತು ನಿಮ್ಮ ಕಿವಿಗೆ ಬಿದ್ದಿರುತ್ತದೆ: "ಇದು ಹಳೆಯದಾಯಿತು, ಬಹಳ ಸ್ಲೋ. ಹೊಸದು ತರಬೇಕು." ಗುಂಡಿ ಒತ್ತಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಅದನ್ನು ಬಸ್ಸಿನಲ್ಲಿ ಇಟ್ಟುಕೊಂಡು ರಾಯಚೂರಿನ ರಿಪೇರಿ ಅಂಗಡಿಗೆ ಒಯ್ದರೆ ಅಪ್ಪನ ಒಂದು ದಿನದ ದುಡಿಮೆ ಹೋಯಿತು, ಬಸ್ ಚಾರ್ಜು ಹೋಯಿತು, ರಿಪೇರಿ ಖರ್ಚು ಬೇರೆ.

ಆದರೆ ಎತ್ತಿಗೆ ವಯಸ್ಸಾದ ಹಾಗೆ ಕಂಪ್ಯೂಟರಿಗೆ ವಯಸ್ಸಾಗುವುದಿಲ್ಲ. ಅದರ ಚಿಪ್ ಹತ್ತು ವರ್ಷದ ಹಿಂದೆ ಎಷ್ಟು ವೇಗವಾಗಿ ಕೂಡಿ ಕಳೆಯುತ್ತಿತ್ತೋ ಇಂದೂ ಅಷ್ಟೇ ವೇಗವಾಗಿ ಕೂಡಿ ಕಳೆಯಬಲ್ಲದು. ಈಗ ನಿಧಾನವಾಗಿದೆ ಎಂದರೆ ಯಾವುದೋ ಅದನ್ನು ತಡೆಯುತ್ತಿದೆ. ಆ ತಡೆಯನ್ನು ಹುಡುಕಲು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾವಾಗ ನಿಧಾನ?

ಬೆಳಿಗ್ಗೆ ಏಳಕ್ಕೆ ಚುರುಕಾಗಿದ್ದು ಮಧ್ಯಾಹ್ನ ಎರಡಕ್ಕೆ ಮಂಕಾಗುತ್ತದೆಯೇ? ಶುರು ಮಾಡಿದ ಹತ್ತು ನಿಮಿಷ ಚೆನ್ನಾಗಿ ನಡೆದು ಆಮೇಲೆ ತೆವಳುತ್ತದೆಯೇ? ಹಾಗಿದ್ದರೆ ಮೊದಲ ಅನುಮಾನ ಬಿಸಿಯ ಮೇಲೆ.

ನಾವೆಲ್ಲ ಸಿಪಿಯು ಎಂದು ಕರೆಯುವ ದೊಡ್ಡ ಡಬ್ಬ ನಿಜವಾಗಿ ಸಿಪಿಯು ಅಲ್ಲ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಆ ಡಬ್ಬದೊಳಗೆ ಒಂದು ಬಿಸ್ಕತ್ತಿನಷ್ಟು ಚಿಕ್ಕದಾಗಿ ಕುಳಿತಿರುತ್ತದೆ. ಅದು 3 ಗಿಗಾಹರ್ಟ್ಸ್ ವೇಗದ್ದಾದರೆ ಅದರ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಈ ಕೆಲಸಕ್ಕೆ ಖರ್ಚಾದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಶಾಖವನ್ನು ಹೊರಹಾಕಲು ಪ್ರೊಸೆಸರಿನ ತಲೆಯ ಮೇಲೆ ಬಾಚಣಿಗೆಯ ಹಲ್ಲುಗಳಂಥ ತೆಳು ಲೋಹದ ಪಟ್ಟಿಗಳಿವೆ, ಅವುಗಳಿಗೆ ಗಾಳಿ ಬೀಸಲು ಪುಟ್ಟ ಫ್ಯಾನು ಇದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ವಿಷಯ ನಿಮಗೆ ಗೊತ್ತಲ್ಲ? ಅಲ್ಲಿ ತಂಪು ಮಾಡಲು ಕೃಷ್ಣಾ ನದಿಯ ನೀರಿದೆ. ನಿಮ್ಮ ಕಂಪ್ಯೂಟರಿಗೆ ಇರುವುದು ಕೋಣೆಯ ಗಾಳಿ ಮಾತ್ರ.

ಈಗ ಒಂದು ಸಣ್ಣ ಲೆಕ್ಕ. ಕೆಲಸ ಮಾಡುವಾಗ ಪ್ರೊಸೆಸರ್ ಕೋಣೆಯ ಗಾಳಿಗಿಂತ 50 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದಿಟ್ಟುಕೊಳ್ಳಿ. ಕೋಣೆ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಪ್ರೊಸೆಸರ್ 75 ಡಿಗ್ರಿ. ಮೇ ತಿಂಗಳಲ್ಲಿ ತಗಡಿನ ಛಾವಣಿಯ ಕೆಳಗೆ ಕೋಣೆ 42 ಡಿಗ್ರಿ ಆದರೆ? ಪ್ರೊಸೆಸರ್ 92 ಡಿಗ್ರಿ. ಪಟ್ಟಿಗಳ ನಡುವೆ ಧೂಳು ತುಂಬಿ ಇನ್ನೂ ಹತ್ತು ಡಿಗ್ರಿ ಏರಿದರೆ 102! ಬಹಳಷ್ಟು ಪ್ರೊಸೆಸರ್‌ಗಳು 100 ಡಿಗ್ರಿಯ ಆಸುಪಾಸಿಗೆ ಬಂದ ಕೂಡಲೇ ಸುಟ್ಟುಹೋಗಬಾರದೆಂದು ತಮ್ಮ ಮಿಡಿತವನ್ನು ತಾವೇ ಇಳಿಸಿಕೊಳ್ಳುತ್ತವೆ. ಸುಡುಬಿಸಿಲಲ್ಲಿ ಹತ್ತಿ ಬಿಡಿಸುವವರು ಕೈ ನಿಧಾನ ಮಾಡುವ ಹಾಗೆ. ನಮಗೆ ಕಾಣುವುದು ತೆವಳುವ ಪರದೆ, ಒಳಗೆ ನಡೆದಿರುವುದು ಜೀವ ಉಳಿಸಿಕೊಳ್ಳುವ ಉಪಾಯ.

ನಮ್ಮ ಕಡೆಯ ಧೂಳೂ ಸಾಮಾನ್ಯದ್ದಲ್ಲ. ಸುಗ್ಗಿಯಲ್ಲಿ ರಾಯಚೂರಿನ ಜಿನ್ನಿಂಗ್ ಗಿರಣಿಗಳ ಸುತ್ತ ಹತ್ತಿಯ ಎಳೆ ತೇಲುತ್ತದೆ. ಮಾನ್ವಿಯ ಅಕ್ಕಿ ಗಿರಣಿಗಳ ಬಳಿ ಹೊಟ್ಟಿನ ಪುಡಿ. ಬೇಸಿಗೆ ಗಾಳಿ ಬೀಸಿದರೆ ಎಲ್ಲ ಊರುಗಳಲ್ಲೂ ಎರೆ ಹೊಲದ ನಯವಾದ ಮಣ್ಣು. ಇವುಗಳಲ್ಲಿ ಹತ್ತಿಯ ಎಳೆಯೇ ದೊಡ್ಡ ಕಳ್ಳ. ಅದು ಪಟ್ಟಿಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಮಣ್ಣು ಅದಕ್ಕೆ ಅಂಟುತ್ತದೆ, ಕೊನೆಗೆ ಕಂಬಳಿಯೇ ತಯಾರು. ಮೇ ತಿಂಗಳಲ್ಲಿ ಕಂಬಳಿ ಹೊದ್ದವರ ಪಾಡು ಏನು, ಯೋಚಿಸಿ! ಇದು ಸಾಲದೆಂದು ಕೆಲವರು ಚೆಂದದ ಕಸೂತಿ ಬಟ್ಟೆಯನ್ನೂ ಹೊದಿಸಿ, ಡಬ್ಬವನ್ನು ಮೇಜಿನ ಗೂಡಿನೊಳಗೆ ತಳ್ಳಿಟ್ಟಿರುತ್ತಾರೆ. ಬಟ್ಟೆ ಇರಲಿ, ಆದರೆ ಕಂಪ್ಯೂಟರ್ ಆರಿಸಿದ ಮೇಲೆ. ನಡೆಯುವಾಗ ಅದರ ಹಿಂಬದಿ ಗೋಡೆಯಿಂದ ಒಂದು ಗೇಣಾದರೂ ದೂರ ಇರಬೇಕು.

ಧೂಳು ತೆಗೆಯುವ ಕೆಲಸವನ್ನು ಹಿರಿಯರೇ ಮಾಡಲಿ, ನೀವು ಪಕ್ಕದಲ್ಲಿರಿ. ಮೊದಲು ಕಂಪ್ಯೂಟರ್ ಆರಿಸಿ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು. ಡಬ್ಬದ ಪಕ್ಕದ ಬಾಗಿಲು ತೆರೆದು, ಒಳಗೆ ಕೈ ಹಾಕುವ ಮೊದಲು ಡಬ್ಬದ ಬರಿ ಲೋಹವನ್ನು ಮುಟ್ಟಬೇಕು. ಮೈಮೇಲಿನ ಸ್ಥಿರ ವಿದ್ಯುತ್ತು ಅಲ್ಲಿಗೆ ಹರಿದುಹೋಗುತ್ತದೆ. ಆಮೇಲೆ ಒಣಗಿದ ಮೆತ್ತನೆಯ ಬಣ್ಣದ ಕುಂಚದಿಂದ, ಫ್ಯಾನು ತಿರುಗದಂತೆ ಒಂದು ಬೆರಳಿನಿಂದ ಹಿಡಿದು, ಧೂಳನ್ನು ಸಡಿಲಿಸಬೇಕು. ಒದ್ದೆ ಬಟ್ಟೆ ಬೇಡ. ಬಾಯಿಂದ ಊದುವುದೂ ಬೇಡ, ಉಗುಳು ಸಿಡಿಯುತ್ತದೆ. ಗೋಡೆಯ ವಿದ್ಯುತ್ ತಂತಿ ಬಂದು ಸೇರುವ ಲೋಹದ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಲ್ಯಾಪ್‌ಟಾಪ್ ಆದರೆ ಬಿಚ್ಚುವ ಗೋಜೇ ಬೇಡ. ಹಾಸಿಗೆಯ ಮೇಲಿಟ್ಟು ಅದರ ಮೂಗು ಮುಚ್ಚದಿದ್ದರೆ ಸಾಕು.

ಡಿಸೆಂಬರಿನ ಚಳಿಯಲ್ಲೂ ನಿಧಾನವೇ? ಅದರಲ್ಲೂ ನಾಲ್ಕಾರು ಕಿಟಕಿ ಒಟ್ಟಿಗೆ ತೆರೆದಾಗ? ಆಗ ಜಾಗದ ಕೊರತೆ ಇರಬಹುದು. ಅಮ್ಮ ಜೋಳದ ರೊಟ್ಟಿ ಬಡಿಯುವುದನ್ನು ನೆನಪಿಸಿಕೊಳ್ಳಿ. ಹಿಟ್ಟು ಮುಂದಿನ ಪರಾತದಲ್ಲಿದ್ದರೆ ಕೆಲಸ ಸರಾಗ. ಪರಾತ ಚಿಕ್ಕದಾದರೆ ಮತ್ತೆ ಮತ್ತೆ ಎದ್ದು ಒಳಕೋಣೆಯ ಡಬ್ಬಿಗೆ ಹೋಗಬೇಕು. ಕಂಪ್ಯೂಟರಿನ ಪರಾತಕ್ಕೆ ರ‍್ಯಾಮ್ ಎಂದು ಹೆಸರು. ಒಳಕೋಣೆಯ ಡಬ್ಬಿ ಎಂದರೆ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಜವಾಗಿಯೂ ತಿರುಗುತ್ತವೆ, ಹಲವು ಡಿಸ್ಕುಗಳಲ್ಲಿ ನಿಮಿಷಕ್ಕೆ 7200 ಸುತ್ತು. ಕೇಳಲು ವೇಗವೇ. ಆದರೂ ಬೇಕಾದ ಜಾಗ ತಲೆಯ ಕೆಳಗೆ ಬರಲು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಯಬೇಕು. ರ‍್ಯಾಮ್‌ನಿಂದ ತರುವುದು ಇದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಬೇಗ. ಪರಾತದಿಂದ ಹಿಟ್ಟು ತೆಗೆಯಲು ಒಂದು ಸೆಕೆಂಡ್ ಹಿಡಿದರೆ ಒಳಕೋಣೆಗೆ ಹೋಗಿ ಬರಲು ಒಂದು ಲಕ್ಷ ಸೆಕೆಂಡ್, ಅಂದರೆ ಒಂದು ದಿನ ಮತ್ತು ಸುಮಾರು ನಾಲ್ಕು ಗಂಟೆ! ರೊಟ್ಟಿ ಯಾವಾಗ ಆದೀತು?

ಬೇಡದ ಕಿಟಕಿಗಳನ್ನು ಮುಚ್ಚಿದರೆ ಪರಾತ ಖಾಲಿಯಾಗುತ್ತದೆ. ಇದಕ್ಕೆ ಕಾಸು ಬೇಡ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಸಾಲುಗಳಿವೆ. ಯಾವುದು 100ರ ಹತ್ತಿರ ನಿಂತಿದೆಯೋ ತಡೆ ಅಲ್ಲಿದೆ. ಅಂದಾಜಿನಲ್ಲಿ ಹಣ ಸುರಿಯುವ ಮೊದಲು ಈ ಪುಟವನ್ನು ನೋಡಲೇಬೇಕು. ಮೆಮೊರಿ ಸದಾ ತುಂಬಿದ್ದರೆ ರ‍್ಯಾಮ್ ಹೆಚ್ಚಿಸಬಹುದು. ಡಿಸ್ಕ್ ಸದಾ ತುಂಬಿದ್ದರೆ ಎಸ್‌ಎಸ್‌ಡಿ ಹಾಕಿಸಬಹುದು. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಹಾರ್ಡ್ ಡಿಸ್ಕಿಗಿಂತ ನೂರು ಪಟ್ಟು ಬೇಗ ಹುಡುಕುತ್ತದೆ. ಹಳೆಯ ಕಂಪ್ಯೂಟರಿಗೆ ಹಣ ಹಾಕುವುದಾದರೆ ಬಹುತೇಕ ಮನೆಗಳಲ್ಲಿ ಇದೇ ಒಳ್ಳೆಯ ಖರ್ಚು.

ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ವೇಗದ ಮಾತು ಬಿಡಿ. ಅದು ಸಾಯುತ್ತಿರಬಹುದು. ಅಕ್ಕನ ಮದುವೆಯ ಫೋಟೋಗಳನ್ನು ಅಂದೇ ಬೇರೆ ಕಡೆ ನಕಲು ಮಾಡಿಡಿ.

ಇನ್ನೊಂದು ತಮಾಷೆ ಕೇಳಿ. ವಿಂಡೋಸ್ 8 ಬಂದ 2012ರಿಂದ ಈಚೆಗೆ ಅನೇಕ ಕಂಪ್ಯೂಟರ್‌ಗಳು ಶಟ್‌ಡೌನ್ ಒತ್ತಿದಾಗ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತವೆ. ನಿನ್ನೆಯ ಗೊಂದಲವೂ ಜೊತೆಗೆ ಬರಬಹುದು. ರೀಸ್ಟಾರ್ಟ್ ಒತ್ತಿದರೆ ಎಲ್ಲವೂ ಹೊಸದಾಗಿ ಆರಂಭ. "ಒಮ್ಮೆ ರೀಸ್ಟಾರ್ಟ್ ಮಾಡು" ಎಂದು ರಿಪೇರಿಯವರು ಹೇಳುವುದು ಸುಮ್ಮನೆ ಅಲ್ಲ.

ಮಾಡಿ ನೋಡಿ: ಗುಂಡಿ ಒತ್ತಿದ ಕ್ಷಣದಿಂದ ಪರದೆ ಸಿದ್ಧವಾಗುವವರೆಗೆ ಎಷ್ಟು ಸೆಕೆಂಡ್ ಎಂದು ಕೈಗಡಿಯಾರದಲ್ಲಿ ಅಳೆಯಿರಿ. ಹದಿನೈದು ನಿಮಿಷ ಬಳಸಿದ ಮೇಲೆ, ಪ್ರತಿ ಸಲವೂ ಅದೇ ದೊಡ್ಡ ಚಿತ್ರವನ್ನು ತೆರೆಯಲು ಎಷ್ಟು ಸೆಕೆಂಡ್ ಎಂದೂ ಬರೆಯಿರಿ. ಒಂದು ವಾರ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೀಗೆ ಮಾಡಿ, ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಗುರುತಿಸಿ. ಧೂಳು ತೆಗೆದ ಮೇಲೆ ಇನ್ನೊಂದು ವಾರ ಅಳೆಯಿರಿ. ಎರಡೂ ಪಟ್ಟಿಗಳನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.