ಪ್ರೌಢಶಾಲಾ ವಿದ್ಯಾರ್ಥಿಗಳ ಓದು ಮತ್ತು ಕಾಗುಣಿತ ಸುಧಾರಣೆ: ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಗ್ರಾಮೀಣ ಕುಟುಂಬಗಳಲ್ಲಿ ವೃದ್ಧಾಪ್ಯ ವೇತನ, ಪಡಿತರ ಚೀಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಅರ್ಜಿಯನ್ನು ಭರ್ತಿ ಮಾಡುವ ಕೆಲಸ ಅನೇಕ ವೇಳೆ ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗ ಅಥವಾ ಮಗಳ ಪಾಲಿಗೆ ಬರುತ್ತದೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ದಾಖಲೆಗಳು ಪರಸ್ಪರ ತಾಳೆಯಾಗದೆ ಅರ್ಜಿ ಹಿಂದಿರುಗಬಹುದು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳಿವೆ. ಕನ್ನಡ ಮಾಧ್ಯಮದವರು ವಿಜ್ಞಾನ, ಗಣಿತಗಳ ಪ್ರಶ್ನೆಗಳನ್ನೂ ಕನ್ನಡದಲ್ಲಿಯೇ ಓದಿ ಅರ್ಥೈಸಿಕೊಳ್ಳಬೇಕು. ಆದುದರಿಂದ ಓದು ಮತ್ತು ಕಾಗುಣಿತವನ್ನು ಕೇವಲ ಭಾಷಾ ಶಿಕ್ಷಕರ ವಿಷಯವೆಂದು ಭಾವಿಸಲಾಗದು.

ಈ ಮೂರು ತಾಲ್ಲೂಕುಗಳ ಮಕ್ಕಳ ತಪ್ಪುಗಳಿಗೆ ಅವರ ಮನೆಮಾತಿನಲ್ಲಿ ಕಾರಣಗಳಿವೆ. ಈ ಭಾಗದ ಗ್ರಾಮೀಣ ಆಡುಮಾತಿನಲ್ಲಿ ಪದದ ಆದಿಯ ಹಕಾರ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ. ಹಕ್ಕಿ ಮತ್ತು ಅಕ್ಕಿ ಕಿವಿಗೆ ಒಂದೇ ಆಗಿ ಕೇಳಿಸುತ್ತವೆ. ಇದನ್ನು ತಿದ್ದಿಕೊಳ್ಳಲು ಹೊರಟ ವಿದ್ಯಾರ್ಥಿ ಅಗತ್ಯವಿಲ್ಲದೆಡೆಯೂ ಹಕಾರ ಸೇರಿಸಿ, ‘ಅರ್ಜಿ’ ಎಂಬುದನ್ನು ‘ಹರ್ಜಿ’ ಎಂದು ಬರೆಯುವುದುಂಟು. ಇದು ಅಜಾಗರೂಕತೆಯಲ್ಲ, ನಿಯಮವನ್ನು ಹುಡುಕುತ್ತಿರುವ ಮನಸ್ಸಿನ ಪ್ರಯತ್ನ. ಮಹಾಪ್ರಾಣಗಳ ಸ್ಥಿತಿಯೂ ಇಂಥದ್ದೇ. ಆಡುವಾಗ ಅರ್ಥ, ಅರ್ಧ ಎಂಬ ಪದಗಳ ಮಹಾಪ್ರಾಣ ಸಡಿಲಗೊಳ್ಳುವುದರಿಂದ ‘ವಿದ್ಯಾರ್ಥಿ’ಯು ಬರಹದಲ್ಲಿ ‘ವಿದ್ಯಾರ್ತಿ’ಯಾಗುತ್ತಾನೆ.

ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ತಾಲ್ಲೂಕಿನ ಮಾರ್ಟಳ್ಳಿ ಮೊದಲಾದೆಡೆ ತಮಿಳು ಮನೆಮಾತಾಗಿರುವ ಕುಟುಂಬಗಳಿವೆ. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಜೋಡಿಗಳಿಗೆ ಒಂದೊಂದೇ ಅಕ್ಷರವಿದ್ದು, ಉಚ್ಚಾರವು ಪದದಲ್ಲಿನ ಸ್ಥಾನವನ್ನು ಅವಲಂಬಿಸುತ್ತದೆ; ಮಹಾಪ್ರಾಣಗಳಂತೂ ಇಲ್ಲವೇ ಇಲ್ಲ. ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟದ ಪೋಡುಗಳಿಂದ ಬರುವ ಸೋಲಿಗ ಮಕ್ಕಳ ನುಡಿ ಕನ್ನಡಕ್ಕೆ ಹತ್ತಿರವಾದರೂ ಪಠ್ಯಪುಸ್ತಕದ ಕನ್ನಡವಲ್ಲ. ಒಂದೇ ತರಗತಿಯಲ್ಲಿ ಕುಳಿತ ಈ ಮಕ್ಕಳೆಲ್ಲರಿಗೂ ಒಂದೇ ಬಗೆಯ ತಿದ್ದುಪಡಿ ಸಾಲದು.

ತಪ್ಪಾದ ಪದವನ್ನು ನೂರು ಬಾರಿ ಬರೆಸುವ ಹಳೆಯ ರೂಢಿಯಿಂದ ಕೈ ನೋಯುವುದೇ ಹೆಚ್ಚು. ಹತ್ತನೆಯ ಸಾಲು ತಲುಪುವಷ್ಟರಲ್ಲಿ ಕಣ್ಣು ಪದವನ್ನು ನೋಡುವುದನ್ನೇ ಬಿಟ್ಟಿರುತ್ತದೆ. ಅದರ ಬದಲು ವಿದ್ಯಾರ್ಥಿಯ ಹಳೆಯ ನೋಟ್ ಪುಸ್ತಕದಿಂದಲೇ ತಪ್ಪುಗಳನ್ನು ಆರಿಸಿ, ಅವು ಹಕಾರದವೋ, ಮಹಾಪ್ರಾಣದವೋ, ಒತ್ತಕ್ಷರದವೋ, ದೀರ್ಘದವೋ ಎಂದು ವಿಂಗಡಿಸಬೇಕು. ಅನಂತರ ಪ್ರತಿದಿನ ಐದಾರು ಪದಗಳ ಉಕ್ತಲೇಖನ ನೀಡಿ, ವಿದ್ಯಾರ್ಥಿಯೇ ಪುಸ್ತಕ ನೋಡಿ ತಿದ್ದಿಕೊಳ್ಳುವಂತೆ ಮಾಡಬೇಕು. ಕನ್ನಡದ ಬರಹ ಬಹುಮಟ್ಟಿಗೆ ಉಚ್ಚಾರವನ್ನು ಅನುಸರಿಸುವುದರಿಂದ ಸ್ಪಷ್ಟವಾಗಿ ಗಟ್ಟಿಯಾಗಿ ಓದುವ ಅಭ್ಯಾಸ ಕಾಗುಣಿತಕ್ಕೂ ನೆರವಾಗುತ್ತದೆ. ಆದರೆ ಕೃಷಿ, ವೃದ್ಧಾಪ್ಯ, ದೃಢೀಕರಣದಂತಹ ಪದಗಳಲ್ಲಿ ಕಿವಿ ಮೋಸಹೋಗುತ್ತದೆ. ಇವನ್ನು ಕಣ್ಣಿನಿಂದಲೇ ಕಲಿಯಬೇಕು. ಕಚೇರಿಯ ಅರ್ಜಿ ನಮೂನೆಗಳಲ್ಲಿ ಹೆಚ್ಚಾಗಿ ಬರುವವೂ ಇಂತಹ ಪದಗಳೇ ಆದುದರಿಂದ ಖಾಲಿ ನಮೂನೆಯೊಂದನ್ನು ತರಗತಿಯಲ್ಲಿ ಓದಿಸುವುದು ಉಪಯುಕ್ತ.

ಓದು ತಡವರಿಸುವ ಮಗುವಿಗೆ ಈಗಾಗಲೇ ಕಿವಿಗೆ ಪರಿಚಿತವಾದ ಪಠ್ಯ ಸುಲಭವಾಗುತ್ತದೆ. ಮಹದೇಶ್ವರನ ಕಥೆಯನ್ನು ಕಂಸಾಳೆಯವರಿಂದ ಕೇಳಿ ಬೆಳೆದ ಮಕ್ಕಳು ಅದರ ಒಂದು ಪ್ರಸಂಗವನ್ನು ತಾವೇ ಹೇಳಿ, ಶಿಕ್ಷಕರು ಬರೆದುಕೊಟ್ಟುದನ್ನು ಮರಳಿ ಓದಬಹುದು. ಮನೆಯಲ್ಲಿ ಓದು ಬಾರದ ತಾಯಿತಂದೆಯರೂ ದಿನಕ್ಕೆ ಹತ್ತು ನಿಮಿಷ ಮಗುವಿನ ಓದನ್ನು ಕೇಳಿಸಿಕೊಳ್ಳಬಹುದು. ಮನೆಮಾತನ್ನು ಹೀಗಳೆದು ತಿದ್ದುವುದು ಬೇಡ. ಹಾಗೆ ಮಾಡಿದರೆ ಮಗು ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ‘ಓದುವ ಬೆಳಕು’ ಕಾರ್ಯಕ್ರಮವು 2020ರಲ್ಲಿ ಆರಂಭಗೊಂಡಿತು. ‘ಅರಿವು ಕೇಂದ್ರ’ಗಳೆಂದು ಕರೆಯಲಾಗುವ ಈ ಗ್ರಂಥಾಲಯಗಳಲ್ಲಿ ಮಕ್ಕಳ ಸದಸ್ಯತ್ವದ ಕುರಿತು ಮೇಲ್ವಿಚಾರಕರನ್ನು ವಿಚಾರಿಸಬಹುದು.

ಸಾಕಷ್ಟು ಅಭ್ಯಾಸದ ನಂತರವೂ ಮಗು ಅಕ್ಷರಗಳನ್ನು ಅದಲುಬದಲು ಮಾಡುತ್ತಿದ್ದು, ಕೇಳಿದ ಪಾಠವನ್ನು ಚೆನ್ನಾಗಿ ಗ್ರಹಿಸುತ್ತಿದ್ದರೂ ಓದಲಾರದಿದ್ದಲ್ಲಿ ಅದು ಸೋಮಾರಿತನವೆಂದು ನಿರ್ಧರಿಸಬಾರದು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಅಂಗವೈಕಲ್ಯವೆಂದು ಪರಿಗಣಿಸಲಾಗಿದೆ. ಸಕ್ಷಮ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ ಹೊಂದಿರುವ ವಿದ್ಯಾರ್ಥಿಗಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಮೊದಲಾದ ರಿಯಾಯಿತಿಗಳಿಗೆ ಅವಕಾಶವಿದ್ದು, ಮುಖ್ಯ ಶಿಕ್ಷಕರ ಮೂಲಕ ಮನವಿ ಸಲ್ಲಿಸಬೇಕಾಗುತ್ತದೆ. ತಪಾಸಣೆಗೆ ಸಮಯ ಹಿಡಿಯುವುದರಿಂದ ಹತ್ತನೆಯ ತರಗತಿಯವರೆಗೆ ಕಾಯದೆ ಎಂಟನೆಯ ತರಗತಿಯಲ್ಲಿಯೇ ಈ ಬಗ್ಗೆ ವಿಚಾರಿಸುವುದು ಸೂಕ್ತ.

ಎಸ್.ಎಸ್.ಎಲ್.ಸಿ. ನೋಂದಣಿಗೆ ಮುನ್ನ ಶಾಲಾ ದಾಖಲಾತಿ ವಹಿಯಲ್ಲಿರುವ ವಿದ್ಯಾರ್ಥಿಯ ಹಾಗೂ ತಂದೆತಾಯಿಯ ಹೆಸರುಗಳನ್ನು ಮಗುವಿನಿಂದಲೇ ಓದಿಸಿ ಪರಿಶೀಲಿಸಿಕೊಳ್ಳತಕ್ಕದ್ದು. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುಪಡಿಯ ಕ್ರಮ ದೀರ್ಘವಾಗುತ್ತದೆ. ಹೆಚ್ಚಿನ ವಿವರಗಳಿಗೆ ಆಯಾ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಕೊಳ್ಳೇಗಾಲ, ಹನೂರು, ಯಳಂದೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.