ಕ್ರಿಕೆಟ್ ಕಾರ್ಡು ಕೊಳ್ಳುವ ಮೊದಲು ಲೆಕ್ಕ ಹಾಕಿರಿ

ನಮ್ಮ ಊರಿನ ಹೆಸರು ಸುಳ್ಳ ಆದರೂ ನಾನು ಇಲ್ಲಿ ಬರೆದದ್ದೆಲ್ಲ ಖರೇ ಐತಿ. ನಮ್ಮ ವರ್ಗದ ಬಹಳ ಹುಡುಗರ ಪಾಟಿಚೀಲದಲ್ಲಿ ಕ್ರಿಕೆಟ್ ಕಾರ್ಡುಗಳು ಅದಾವ. ಅವನ್ನು ಕೂಡಿಸುವುದು ತಪ್ಪಲ್ಲ. ಆದರೆ ಹತ್ತು ರೂಪಾಯಿದನ್ನು ನೂರು ರೂಪಾಯಿಗೆ ಕೊಳ್ಳುವುದು ತಪ್ಪು. ಆ ತಪ್ಪು ನಾನೇ ಮಾಡೇನಿ.

ಹೋದ ವರ್ಷ ಹೆಸರುಕಾಯಿ ಬಿಡಿಸುವಾಗ ಸೂಟಿ ದಿವಸ ನಾನೂ ಹೊಲಕ್ಕೆ ಹೋಗಿದ್ದೆ. ಅಜ್ಜಿ ಖುಷಿಯಾಗಿ ನೂರು ರೂಪಾಯಿ ಕೊಟ್ಟು, "ಕಂಪಾಸ ಪೆಟ್ಟಿಗಿ ತಗೋ" ಅಂದಳು. ಹುಬ್ಬಳ್ಳಿಗೆ ಹೋದಾಗ ಅಲ್ಲಿ ಒಬ್ಬ ದೊಡ್ಡ ಹುಡುಗ ಹೊಳೆಯುವ ವಿರಾಟ್ ಕೊಹ್ಲಿ ಕಾರ್ಡು ತೋರಿಸಿದ. "ಇದು ಗೋಲ್ಡ್ ಕಾರ್ಡು. ಎಲ್ಲೂ ಸಿಗೂದಿಲ್ಲ. ಮುಂದ ಸಾವಿರ ರೂಪಾಯಿ ಆಕ್ಕೈತಿ. ಈಗ ಬಿಟ್ಟರ ಬ್ಯಾರೆಯವರು ಒಯ್ತಾರ ನೋಡು" ಅಂದ. ನಾನು ನೂರರ ನೋಟು ಕೊಟ್ಟುಬಿಟ್ಟೆ. ಎರಡು ವಾರದ ಮೇಲೆ ನಮ್ಮ ಗೆಳೆಯನ ಹತ್ತು ರೂಪಾಯಿ ಪಾಕೀಟಿನಲ್ಲಿ ಅದೇ ಕಾರ್ಡು ಬಂತು! ನಾನು ಬಳೆ ಇಟ್ಟು ವೃತ್ತ ಬರೆಯಬೇಕಾಯಿತು. ಅಜ್ಜಿ ಕೇಳಿದಾಗ "ಪೆಟ್ಟಿಗಿ ಸಾಲ್ಯಾಗ ಐತಿ" ಅಂತ ಸುಳ್ಳು ಹೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವಂತೆ, ಆ ಮೇಲೆ ಗುರುಗಳನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದೇನಿ.

ಕಾರ್ಡಿಗೆ ಬೆಲೆ ಯಾಕೆ ಬರುತ್ತದೆ?

ಅಮೆರಿಕದಲ್ಲಿ ಬೇಸ್‌ಬಾಲ್ ಆಟದ ಕಾರ್ಡುಗಳು ಬಹಳ ಹಳೆಯವು. 1952ರಲ್ಲಿ ಟಾಪ್ಸ್ ಎಂಬ ಕಂಪನಿ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡು ಮುದ್ರಿಸಿತು. ಆಗ ಅದು ಬಬಲ್ ಗಮ್ ಜೊತೆಗೆ ಬರುತ್ತಿದ್ದ ಪುಡಿಗಾಸಿನ ಚೀಟಿ. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು ಕಂಪನಿಯವರೇ ಮುಂದೆ ಸಮುದ್ರಕ್ಕೆ ಹಾಕಿಸಿದರಂತೆ. ಹುಡುಗರು ಆಡಿ ಹರಿದು ಹಾಕಿದ್ದು ಬೇರೆ. ಹೀಗಾಗಿ ಚೆನ್ನಾಗಿ ಉಳಿದವು ಬಹಳ ಕಡಿಮೆ. ಅಂಥ ಒಂದು ಕಾರ್ಡು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ!

ಇದನ್ನು ಕೇಳಿ ನಮ್ಮ ಕಾರ್ಡೂ ಕೋಟಿ ಆಗತೈತಿ ಅಂತ ತಿಳಿಯಬೇಡಿರಿ. ಅಮೆರಿಕದವರೂ ಹಾಗೇ ತಿಳಿದಿದ್ದರು. 1980ರ ದಶಕದ ಕೊನೆಗೆ ಜನ ಪೆಟ್ಟಿಗೆಗಟ್ಟಲೆ ಕಾರ್ಡು ಕೊಂಡು ಇಟ್ಟರು. ಕಂಪನಿಗಳೂ ಲೆಕ್ಕವಿಲ್ಲದೆ ಮುದ್ರಿಸಿದವು. ಎಲ್ಲರ ಮನೆಯಲ್ಲೂ ಇದ್ದದ್ದನ್ನು ಯಾರು ಕೊಳ್ಳುತ್ತಾರೆ? ಅವುಗಳಲ್ಲಿ ಹೆಚ್ಚಿನವು ಇಂದಿಗೂ ಅಗ್ಗ. ಹಳೆಯದಾದರೆ ಸಾಲದು, ಅಪರೂಪ ಇರಬೇಕು, ಬೇಕು ಅನ್ನುವವರೂ ಇರಬೇಕು.

ಕೊನೆಯ ಕಾರ್ಡಿನ ಲೆಕ್ಕ

ಗಣಿತದ ಗುರುಗಳು ನಮ್ಮ ಕಡೆಯಿಂದ ಒಂದು ಪ್ರಯೋಗ ಮಾಡಿಸಿದರು. ನೀವೂ ಮಾಡಿರಿ. ಹತ್ತು ಚೀಟಿಯ ಮೇಲೆ 1ರಿಂದ 10ರ ತನಕ ಬರೆದು ಡಬ್ಬಿಯಲ್ಲಿ ಹಾಕಿ. ಕಣ್ಣು ಮುಚ್ಚಿ ಒಂದು ತೆಗೆದು, ಬರೆದುಕೊಂಡು, ಮತ್ತೆ ಒಳಗೆ ಹಾಕಿ. ಹತ್ತೂ ಅಂಕಿ ಬರುವ ತನಕ ಎಷ್ಟು ಸಲ ತೆಗೆಯಬೇಕು? ನಾವು "ಹನ್ನೆರಡು, ಹದಿನೈದು" ಅಂದೆವು. ಮೂರು ಸಲ ಆಡಿದಾಗ 24, 38, 27 ಸಲ ಬೇಕಾಯಿತು. ಸರಾಸರಿ ಸುಮಾರು 30 ಆಯಿತು. ಸರಿಯಾದ ಲೆಕ್ಕ ಹಾಕಿದರೂ 29 ಚಿಲ್ಲರೆಯೇ ಬರುತ್ತದೆ.

ಯಾಕೆ ಅಂದರೆ, ಮೊದಮೊದಲು ತೆಗೆದದ್ದೆಲ್ಲ ಹೊಸದು. ಒಂಬತ್ತು ಸಿಕ್ಕ ಮೇಲೆ ಉಳಿದ ಒಂದು ಬರಲು ಹತ್ತರಲ್ಲಿ ಒಂದೇ ಅವಕಾಶ. ಅದೊಂದಕ್ಕೇ ಸರಾಸರಿ ಹತ್ತು ಸಲ ತೆಗೆಯಬೇಕು. ಕೊನೆಯ ಎರಡು ಕಾರ್ಡಿಗೆ 15 ಸಲ, ಅಂದರೆ ಒಟ್ಟು ಲೆಕ್ಕದ ಅರ್ಧ! ಒಂದು ಪಾಕೀಟಿಗೆ 5 ರೂಪಾಯಿ, ಒಳಗೆ ಒಂದೇ ಕಾರ್ಡು ಅಂತ ಹಿಡಿದರೆ, 50 ರೂಪಾಯಿಗೆ ಮುಗಿಯಬೇಕಾದ್ದು 150 ರೂಪಾಯಿಗೆ ಹೋಗತೈತಿ. ನಮ್ಮ ರೊಕ್ಕ ಹೋಗುವುದು ಈ ಕೊನೆಯ ಕಾರ್ಡುಗಳಲ್ಲೇ. ಅದಕ್ಕೇ ಅರ್ಧ ಕೂಡಿದ ಮೇಲೆ ಪಾಕೀಟು ಒಡೆಯುವುದನ್ನು ಬಿಟ್ಟು ಗೆಳೆಯರ ಜೊತೆ ಅದಲು ಬದಲು ಮಾಡಿಕೊಳ್ಳಬೇಕು. ನಾವು ಐದು ಮಂದಿ ಈಗ ಹಾಗೇ ಮಾಡುತ್ತೇವೆ.

ಹೇಳಿದ ದರ, ಕೊಟ್ಟ ದರ

ನಮ್ಮಪ್ಪ ಅಮರಗೋಳದ ಎಪಿಎಂಸಿಗೆ ಹತ್ತಿ, ಮೆಣಸಿನಕಾಯಿ ಒಯ್ಯುತ್ತಾನೆ. ಬಸ್ಸಿನಲ್ಲಿ ಕುಂತವರು ಏನೇನೋ ದರ ಹೇಳುತ್ತಾರೆ. ಅಪ್ಪ ನಂಬುವುದು ಮಾಲು ಮಾರಿ ಪಟ್ಟಿ ಕೈಗೆ ಬಂದವರ ಮಾತನ್ನು ಮಾತ್ರ. ಕಾರ್ಡಿಗೂ ಅದೇ ಸೂತ್ರ. ಮಾರುವವ ಸಾವಿರ ಅನ್ನಬಹುದು. "ಸಾವಿರ ಕೊಟ್ಟು ಒಯ್ದವರು ಯಾರು?" ಅಂತ ನಾವು ಕೇಳಬೇಕು. ನಾನು ನನ್ನ ಗೋಲ್ಡ್ ಕಾರ್ಡನ್ನು ಮಾರಲು ಹೋದಾಗ ಒಬ್ಬರೂ ಇಪ್ಪತ್ತು ರೂಪಾಯಿ ಸುದ್ದಾ ಕೊಡಲಿಲ್ಲ.

ನೆನಪಿಡಬೇಕಾದ ಮಾತುಗಳು:

1. ಅವಸರ ಮಾಡಿಸುವವನ ಹತ್ತಿರ ಕೊಳ್ಳಬೇಡಿರಿ. ಒಂದು ರಾತ್ರಿ ಮಲಗಿ ಎದ್ದು ವಿಚಾರ ಮಾಡಿರಿ.

2. ಹೊಳೆಯುವುದೆಲ್ಲ ಚಿನ್ನವಲ್ಲ. ಗೋಲ್ಡ್, ಲಿಮಿಟೆಡ್ ಅಂತ ಬರೆದಿದ್ದರೆ "ಎಷ್ಟು ಮುದ್ರಿಸ್ಯಾರ?" ಅಂತ ಕೇಳಿರಿ. ಕೆಲವು ಕಾರ್ಡಿನ ಮೇಲೆ 25/99 ಅಂತ ಇರುತ್ತದೆ. ಅಂದರೆ 99 ಮಾತ್ರ ಮುದ್ರಿಸಿದ್ದು, ಇದು 25ನೆಯದು. ಅಂಕಿಯೇ ಇಲ್ಲದಿದ್ದರೆ ಎಷ್ಟು ಸಾವಿರ ಇವೆಯೋ ಯಾರು ಬಲ್ಲರು?

3. ಮೂಲೆ ಮಡಚಿದ, ಗೆರೆ ಬಿದ್ದ ಕಾರ್ಡಿಗೆ ಪೂರ್ತಿ ಬೆಲೆ ಕೊಡಬೇಡಿರಿ.

4. ಆಟಗಾರ ಶತಕ ಹೊಡೆದ ಮರುದಿನ ಕೊಳ್ಳಬೇಡಿರಿ. ಅಂದು ಎಲ್ಲರೂ ಕೇಳುತ್ತಾರೆ, ದರ ಏರಿರುತ್ತದೆ.

5. ಕಂಪಾಸ, ಪಟ್ಟಿ ಪುಸ್ತಕದ ರೊಕ್ಕ ಮುಟ್ಟಲೇಬೇಡಿರಿ.

ನಮ್ಮಪ್ಪನ ಟ್ರಂಕಿನಲ್ಲಿ ಬಿಗ್ ಫನ್ ಬಬಲ್ ಗಮ್ ಜೋಡಿ ಬರುತ್ತಿದ್ದ ಕಪಿಲ್ ದೇವ್ ಚಿತ್ರ ಒಂದು ಐತಿ. ಮೂಲೆ ಹರಿದೈತಿ. "ಎಷ್ಟಕ್ಕ ಕೊಡ್ತಿ?" ಅಂದರೆ ಅಪ್ಪ ನಗುತ್ತಾನೆ. ಯಾರೂ ರೊಕ್ಕ ಕೊಡುವುದಿಲ್ಲ, ಅಪ್ಪ ಮಾರುವುದೂ ಇಲ್ಲ. ಇಷ್ಟಪಟ್ಟು ಇಟ್ಟುಕೊಳ್ಳುವುದಾದರೆ ಹಾಗೆ ಇಟ್ಟುಕೊಳ್ಳಬೇಕು.

ಈ ಲೇಖನವನ್ನು ಗೋಡೆಗೆ ಹಚ್ಚುವ ಮೊದಲು ಅಜ್ಜಿಗೆ ಓದಿ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಬೈದಳು. ಕಾರ್ಡು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ರೊಕ್ಕಕ್ಕ ನಾನು ಒಂದು ಹೊತ್ತು ಹೆಸರು ಬಿಡಿಸಬೇಕಲ್ಲೋ" ಅಂದಳು. ಆ ಕಾರ್ಡು ಇನ್ನೂ ನನ್ನ ಹತ್ತಿರ ಐತಿ. ನೋಡುವವರು ಬಂದು ನೋಡಬಹುದು. ರೊಕ್ಕ ಕೇಳುವುದಿಲ್ಲ.

ಇಂತಿ ನಿಮ್ಮವ,
7ನೆಯ ವರ್ಗದ ವಿದ್ಯಾರ್ಥಿ, ಸುಳ್ಳ